ಇನ್ನೊಬ್ಬರ ಕಂಠದಿಂದ ತನ್ನ ಕಂಠಕ್ಕೆ

ಕಾಗವಾಡ ತಾಲ್ಲೂಕಿನ ಜುಗೂಳ ಕೃಷ್ಣಾ ನದಿಯ ದಂಡೆಯ ಊರು. ಈಚೆಗೆ ಕರ್ನಾಟಕ, ಹೊಳೆ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿನ ಕೋಪೇಶ್ವರ ಗುಡಿ ಶಿಲಾಹಾರರ ಕಾಲದ್ದು. ಅದರ ಮುಂದಿನ ಸ್ವರ್ಗಮಂಟಪದ ಮಾಡಿನ ನಡುವೆ ಗುಂಡಗೆ ಬಯಲು. ಕೆಳಗೆ ನಿಂತು ತಲೆಯೆತ್ತಿದರೆ ಆಕಾಶ. ಗುಡಿ ಇರುವುದು ಮರಾಠಿ ನೆಲದಲ್ಲಿ, ಅಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಹಳಗನ್ನಡದಲ್ಲಿ. ಈ ಸೀಮೆಯ ಬದುಕೇ ಹೀಗೆ. ಎರಡು ನುಡಿ, ಎರಡು ರಾಜ್ಯ, ಒಂದೇ ನೀರು.

ಇದೇ ನೀರಿನ ಆಸುಪಾಸಿನಲ್ಲಿ ಸಂಗೀತವೂ ದಟ್ಟವಾಗಿ ಬೆಳೆದಿದೆ. ಹೊಳೆಯ ಮೇಲುಗಡೆಯ ಕುರುಂದವಾಡದಲ್ಲಿ 1872ರಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಹುಟ್ಟಿದರು. ಅರಮನೆಯ ಬೈಠಕ್ಕುಗಳಲ್ಲಿದ್ದ ಹಾಡನ್ನು ಶಾಲೆಯ ಪಾಠವಾಗಿಸಿದವರು ಅವರು. ಲಾಹೋರಿನಲ್ಲಿ 1901ರಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸಮೀಪದ ಮಿರಜ ತಂಬೂರಿ, ಸಿತಾರುಗಳ ಊರು. ಒಣಗಿದ ಕುಂಬಳದ ಬುರುಡೆಗೆ ದಂಡಿಗೆ ಕೂಡಿಸಿ, ತಂತಿ ಬಿಗಿದು, ಅದಕ್ಕೆ ಜೀವ ಬರಿಸುವ ಕುಶಲಕರ್ಮಿಗಳ ಮನೆತನಗಳು ಅಲ್ಲಿವೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಅದೇ ಮಿರಜದಲ್ಲಿ.

ಹಾಡುವ, ಬರೆಯುವ, ಬಣ್ಣ ಬಳಿಯುವ ಮಗುವಿರುವ ಪ್ರತಿ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆಗೆ ಈ ಸೀಮೆಯ ಒಂದು ಜೀವನಕಥೆಯಲ್ಲಿ ಉತ್ತರವಿದೆ. ಮಗು ಚೆನ್ನಾಗಿ ಹಾಡುತ್ತದೆ, ಸರಿ. ಆದರೆ ಯಾರ ಹಾಗೆ ಹಾಡುತ್ತದೆ? ‘ಥೇಟ್ ಅವರ ಹಾಗೆಯೇ’ ಎಂಬ ಹೊಗಳಿಕೆಗೆ ತಾಯಿತಂದೆ ಹಿಗ್ಗುತ್ತಾರೆ. ಆ ಹೊಗಳಿಕೆ ಎಲ್ಲಿಯವರೆಗೆ ವರ, ಎಲ್ಲಿಂದ ಮುಂದೆ ಸೆರೆ?

ಸುಳೇಭಾವಿಯ ಹುಡುಗ

ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಒಂದು ಗಂಡುಮಗು ಹುಟ್ಟಿತು. ಹೆಸರು ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ. ತಂದೆ ಸಿದ್ದರಾಮಯ್ಯನವರೂ ಹಾಡುವವರು. ಮನೆಯಲ್ಲಿ ಸಂಗೀತದ ಗಾಳಿ ಇತ್ತು. ಆದರೆ ಮಗನಿಗೆಂದು ಕ್ರಮವಾದ ಪಾಠ ಆಗ ಇರಲಿಲ್ಲ.

ಹುಡುಗ ಐದಾರು ವರ್ಷದವನಿದ್ದಾಗ ಸವಾಯಿ ಗಂಧರ್ವರ ಕಛೇರಿ ಕೇಳಿ ಬಂದು, ಅವರು ಹಾಡಿದ ಚೀಜನ್ನು ಮನೆಯಲ್ಲಿ ಹಾಗೆಯೇ ಹಾಡಿ ತೋರಿಸಿದನೆಂದು ಹೇಳುತ್ತಾರೆ. ಮುಂದೆ ಗ್ರಾಮೋಫೋನಿನ ತಟ್ಟೆಗಳೇ ಅವನ ಗುರುಗಳಾದವು. ಅಂದಿನ ತಟ್ಟೆಯ ಒಂದು ಮುಗ್ಗುಲಲ್ಲಿ ಮೂರು ಮೂರೂವರೆ ನಿಮಿಷದ ಹಾಡು. ಅಷ್ಟರಲ್ಲಿ ದೊಡ್ಡ ಗಾಯಕರು ತಮ್ಮ ಸಾರವನ್ನೆಲ್ಲ ಹಿಂಡಿ ಇಡುತ್ತಿದ್ದರು. ಹುಡುಗ ಆ ಸಾರವನ್ನು ಹನಿಯೂ ಚೆಲ್ಲದಂತೆ ಎತ್ತಿಕೊಳ್ಳುತ್ತಿದ್ದ. ಯಾರು ಎಲ್ಲಿ ಉಸಿರು ತೆಗೆದುಕೊಂಡರು, ಎಲ್ಲಿ ತಾನು ಎಸೆದರು, ಎಲ್ಲಿ ದನಿ ನಡುಗಿಸಿದರು, ಎಲ್ಲವೂ ಇದ್ದ ಹಾಗೆಯೇ.

ಇಂಥ ಮಗು ಜನರ ಬಾಯಿಗೆ ಬರಲು ತಡವಾಗಲಿಲ್ಲ. ಏಳರ ಸುಮಾರಿಗೆ ಮಠದ ಸ್ವಾಮಿಗಳೊಬ್ಬರು ಹಾಡು ಕೇಳಿ ‘ಕುಮಾರ ಗಂಧರ್ವ’ ಎಂಬ ಬಿರುದು ಕೊಟ್ಟರು. ಬಿರುದೇ ಹೆಸರಾಯಿತು. ತಂದೆ ಮಗನನ್ನು ಊರೂರಿಗೆ ಕರೆದೊಯ್ದು ಕಛೇರಿ ಮಾಡಿಸಿದರು. ಜನ ಟಿಕೆಟ್ಟು ಕೊಂಡು ಬಂದರು. ಪುಟ್ಟ ಹುಡುಗನ ಬಾಯಲ್ಲಿ ಮಹಾಮಹಾ ಉಸ್ತಾದರು ಒಬ್ಬೊಬ್ಬರಾಗಿ ಬಂದು ಹೋಗುವುದನ್ನು ಕಂಡು ಬೆರಗಾದರು.

1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಈ ಹುಡುಗ ಹಾಡಿದ. ಆಗ ಅವನಿಗೆ ಹನ್ನೊಂದು ವರ್ಷ. ಸಭೆ ಹುಚ್ಚೆದ್ದಿತು. ಒಂದೇ ರಾತ್ರಿಯಲ್ಲಿ ಹೆಸರು ದೇಶಕ್ಕೆಲ್ಲ ಮುಟ್ಟಿತು.

ಇಲ್ಲಿಗೇ ಕಥೆ ನಿಂತಿದ್ದರೆ? ಬಾಲಪ್ರತಿಭೆಗಳ ಪಟ್ಟಿಯಲ್ಲಿ ಇನ್ನೊಂದು ಹೆಸರು ಸೇರುತ್ತಿತ್ತು. ಮೀಸೆ ಮೂಡಿ, ದನಿ ಒಡೆದು, ‘ಪುಟ್ಟ ಹುಡುಗ’ ಎಂಬ ಬೆರಗು ಇಳಿದ ಮೇಲೆ ಕೇಳುವವರು ಇರುತ್ತಿರಲಿಲ್ಲ. ಅನುಕರಣೆಗೆ ಬೆಲೆ ಬರುವುದು ಮಾಡುವವನು ಚಿಕ್ಕವನಾಗಿರುವ ತನಕ. ದೊಡ್ಡವನು ಅದನ್ನೇ ಮಾಡಿದರೆ ಜನ ಮೂಲದವರನ್ನೇ ಕೇಳಲು ಹೋಗುತ್ತಾರೆ.

ಗುರು ಮಾಡಿದ್ದೇನು?

ಆ ವರ್ಷವೇ ಹುಡುಗ ಮುಂಬಯಿಯಲ್ಲಿ ಪ್ರೊಫೆಸರ್ ಬಿ. ಆರ್. ದೇವಧರರ ಶಾಲೆ ಸೇರಿದ. ದೇವಧರರು ಮಿರಜದವರು, ಕುರುಂದವಾಡದ ಪಲುಸ್ಕರರ ಶಿಷ್ಯರು. ಸುಳೇಭಾವಿಯ ಹುಡುಗ ಮುಂಬಯಿಗೆ ಹೋಗಿಯೂ ಕೃಷ್ಣೆಯ ದಂಡೆಯ ಪರಂಪರೆಗೇ ಬಂದು ಸೇರಿದನೆನ್ನಬೇಕು.

ದೇವಧರರು ಒಂದೇ ಘರಾಣೆಗೆ ಅಂಟಿಕೊಂಡವರಲ್ಲ. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದವರು. ಬೇರೆ ಬೇರೆ ಘರಾಣೆಯ ಉಸ್ತಾದರನ್ನು, ಪಂಡಿತರನ್ನು ಶಾಲೆಗೆ ಕರೆಸಿ ಹಾಡಿಸುತ್ತಿದ್ದರು. ಶಿಷ್ಯರು ಕುಳಿತು ಕೇಳಬೇಕು, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗಿ ನೋಡಬೇಕು. ಈ ವಾತಾವರಣದಲ್ಲಿ ಕುಮಾರರು ಹನ್ನೊಂದು ವರ್ಷ ಕಳೆದರು. ಭಿಂಡಿಬಜಾರ್ ಘರಾಣೆಯ ಅಂಜನಿಬಾಯಿ ಮಾಲ್ಪೇಕರರ ಬಳಿಯೂ ಪಾಠವಾಯಿತು. ಮುಂದೆ ಅದೇ ಶಾಲೆಯಲ್ಲಿ ತಾವೇ ಕಲಿಸತೊಡಗಿದರು.

ಘರಾಣೆ ಎಂದರೇನೆಂದು ಇಲ್ಲಿ ಎರಡು ಮಾತು ಹೇಳುವುದು ಅಗತ್ಯ. ಹಾಡಿನಲ್ಲಿ ಮನೆತನದಿಂದ ಬರುವ ಶೈಲಿಗೆ ಆ ಹೆಸರು. ಕಿರಾಣಾದವರು ಒಂದೊಂದು ಸ್ವರವನ್ನೂ ಮುದ್ದಿಸಿ, ನಿಧಾನವಾಗಿ ರಾಗ ಬೆಳೆಸುತ್ತಾರೆ. ಗ್ವಾಲಿಯರದವರಿಗೆ ಬಂದಿಶಿನ ಚೌಕಟ್ಟು ಮುಖ್ಯ. ತೆರೆದ ದನಿ, ನೇರವಾದ ತಾನು. ಜೈಪುರ-ಅತ್ರೌಳಿಯವರು ಅಪರೂಪದ, ಜಟಿಲ ರಾಗಗಳನ್ನೆತ್ತಿಕೊಂಡು ಲಯಕ್ಕೆ ಹೆಣೆಯುತ್ತಾರೆ. ಶಿಷ್ಯನಿಗೆ ಘರಾಣೆ ಕಟ್ಟಿದ ಮನೆಯಿದ್ದ ಹಾಗೆ. ಬಿಸಿಲು ಮಳೆಗೆ ಆಸರೆ. ಅದರೊಳಗಿದ್ದೇ ಎಷ್ಟೋ ಮಂದಿ ದೊಡ್ಡವರಾಗಿದ್ದಾರೆ. ಆದರೆ ಅದೇ ಮನೆಯಲ್ಲಿ ತನ್ನದೊಂದು ಕೋಣೆ ಕಟ್ಟಿಕೊಳ್ಳದವನು ಕೊನೆಯವರೆಗೆ ಬಾಡಿಗೆಯವನೇ.

ಕುಮಾರರ ತೊಡಕು ಇದಕ್ಕೆ ತಿರುಗುಮುರುಗು. ಅವರ ಕಂಠದಲ್ಲಿ ಎಲ್ಲ ಮನೆಗಳೂ ಇದ್ದವು, ತನ್ನದು ಮಾತ್ರ ಇರಲಿಲ್ಲ. ಎಲ್ಲರ ಹಾಗೆ ಹಾಡಬಲ್ಲವನು ತನ್ನ ಹಾಗೆ ಹಾಡುವುದು ಹೇಗೆ? ದೇವಧರರು ಕೊಟ್ಟದ್ದು ಇದಕ್ಕೆ ಬೇಕಾದ ತಳಹದಿ. ಬಾಯಿಗೆ ಬಂದಿದ್ದ ಹಾಡಿನ ಒಳಗಿನ ವ್ಯಾಕರಣ, ಒಂದು ಸ್ವರ ಅಲ್ಲೇಕೆ ಇದೆ ಎಂಬ ಪ್ರಶ್ನೆ, ಉತ್ತರ ಹುಡುಕುವ ಸ್ವಾತಂತ್ರ್ಯ. ಗುರುವಿನ ಕಂಠವನ್ನೇ ಎತ್ತಿಕೊಳ್ಳಬೇಕೆಂದು ಅವರು ಹಟ ಹಿಡಿಯಲಿಲ್ಲ. ಎಲ್ಲರನ್ನೂ ನಕಲು ಮಾಡಬಲ್ಲ ಶಿಷ್ಯನ ಕೈಯಲ್ಲಿ ತಮ್ಮದೊಂದು ನಕಲು ಮಾಡಿಸುವುದು ಅವರಿಗೆ ಕಷ್ಟವಿರಲಿಲ್ಲ. ಮಾಡಿಸದೆ ಬಿಟ್ಟದ್ದರಲ್ಲಿ ಅವರ ದೊಡ್ಡತನವಿದೆ.

ದನಿ ನಿಂತ ವರ್ಷಗಳು

1947ರಲ್ಲಿ ಕುಮಾರರು ಅದೇ ಶಾಲೆಯಲ್ಲಿ ಕಲಿಯುತ್ತಿದ್ದ ಭಾನುಮತಿಯವರನ್ನು ಮದುವೆಯಾದರು. ಹೊಸ ಸಂಸಾರಕ್ಕೆ ಬಂದ ಮೊದಲ ಅತಿಥಿ ಕ್ಷಯರೋಗ. ಆ ಕಾಲದಲ್ಲಿ ಕ್ಷಯ ಎಂದರೆ ಅರ್ಧ ಸಾವು. ಒಣ ಹವೆ ಬೇಕೆಂದು 1948ರ ಜನವರಿಯಲ್ಲಿ ಮಧ್ಯಭಾರತದ ಮಾಳವ ಪ್ರಾಂತದ ದೇವಾಸಕ್ಕೆ ಹೋದರು. ಹಾಡುವುದಕ್ಕೆ ವೈದ್ಯರಿಂದ ಕಟ್ಟುನಿಟ್ಟಾದ ನಿಷೇಧ. ಭಾನುಮತಿಯವರು ಶಾಲೆಯಲ್ಲಿ ಕಲಿಸಿ ಮನೆ ನಡೆಸಿದರು, ಗಂಡನ ಆರೈಕೆ ಮಾಡಿದರು.

ಇಪ್ಪತ್ಮೂರರ ಪ್ರಾಯ. ದೇಶಕ್ಕೆಲ್ಲ ಗೊತ್ತಿರುವ ಹೆಸರು. ಹಾಡುವುದೊಂದನ್ನು ಬಿಟ್ಟರೆ ಬೇರೆ ವಿದ್ಯೆಯಿಲ್ಲ. ಆ ಹಾಡೇ ಇಲ್ಲದೆ ಹಾಸಿಗೆಯಲ್ಲಿ ಮಲಗಿರಬೇಕು. ಸುಮಾರು ಐದು ವರ್ಷ ಹೀಗೆ ಕಳೆಯಿತು.

ಹಾಡಲಾರದವನು ಕೇಳಬಲ್ಲ. ಕಿಟಕಿಯ ಹೊರಗೆ ಮಾಳವದ ಹೆಂಗಸರು ಹಾಡುತ್ತಿದ್ದರು. ಮದುವೆಯ ಹಾಡು, ಮಳೆಗಾಲದ ಹಾಡು, ಮಗುವನ್ನು ಮಲಗಿಸುವ ಹಾಡು. ನಾಥಪಂಥದ ಜೋಗಿಗಳು ಕಬೀರನ ನಿರ್ಗುಣ ಪದಗಳನ್ನು ಹೇಳಿಕೊಂಡು ಬರುತ್ತಿದ್ದರು. ಚಿಕ್ಕಂದಿನಿಂದ ಉಸ್ತಾದರ ತಟ್ಟೆಗಳನ್ನು ಕೇಳಿದ್ದ ಕಿವಿ ಅದೇ ಶ್ರದ್ಧೆಯಿಂದ ಈಗ ಹೆಸರಿಲ್ಲದವರ ಹಾಡನ್ನು ಕೇಳಿತು.

ಆಗ ಅವರಿಗೆ ಹೊಳೆದದ್ದು ಮುಂದಿನ ನಲವತ್ತು ವರ್ಷಗಳ ಕೆಲಸಕ್ಕೆ ಬೀಜವಾಯಿತು. ಜನಪದ ಧಾಟಿಯಲ್ಲಿ ನಾಲ್ಕೈದು ಸ್ವರಗಳಿಗಿಂತ ಹೆಚ್ಚಿರುವುದಿಲ್ಲ. ಆದರೂ ಅದು ಪೂರ್ಣ. ಅಳುವನ್ನೂ ನಗುವನ್ನೂ ಹೇಳಲು ಅಷ್ಟೇ ಸಾಕು. ಶಾಸ್ತ್ರೀಯ ರಾಗಗಳು ಹುಟ್ಟಿದ್ದೇ ಇಂಥ ಧಾಟಿಗಳಿಂದ. ಇನ್ನೂ ರಾಗವಾಗದೆ ಉಳಿದ ಧಾಟಿಗಳೂ ಜನರ ಬಾಯಲ್ಲಿವೆ. ಅವುಗಳೊಳಗಿನ ರಾಗವನ್ನು ಹೊರಗೆ ತೆಗೆದರೆ? ಹೀಗೆ ಹುಟ್ಟಿದವುಗಳಿಗೆ ‘ಧುನ್-ಉಗಮ್’ ರಾಗಗಳೆಂದು ಹೆಸರಾಯಿತು. ಧಾಟಿಯಿಂದ ಉಗಮವಾದವು ಎಂದರ್ಥ. ಮಾಲವತಿ, ಸಂಜಾರಿ, ಲಗನ್ ಗಾಂಧಾರ್, ಅಹಿಮೋಹಿನಿ, ಸಹೇಲಿ ತೋಡಿ ಮೊದಲಾದ ರಾಗಗಳು ಅವರಿಂದ ಬೆಳಕಿಗೆ ಬಂದವು. ಅವರು ರಚಿಸಿದ ಬಂದಿಶುಗಳ ಸಂಗ್ರಹ ‘ಅನೂಪರಾಗವಿಲಾಸ’ದ ಮೊದಲ ಭಾಗ 1965ರಲ್ಲಿ ಅಚ್ಚಾಯಿತು.

ಕೊರತೆಯೇ ಕಾರಣವೆ?

ಹೊಸ ಔಷಧ ಸ್ಟ್ರೆಪ್ಟೊಮೈಸಿನ್ ಬಂದಿತ್ತು. ರೋಗ ಹಿಮ್ಮೆಟ್ಟಿತು. 1950ರ ದಶಕದ ಆರಂಭದಲ್ಲಿ ಕುಮಾರರು ಮತ್ತೆ ವೇದಿಕೆಗೆ ಬಂದರು. ಕೇಳಿದವರಿಗೆ ಹಳೆಯ ಹುಡುಗ ಸಿಗಲಿಲ್ಲ. ಒಂದು ಶ್ವಾಸಕೋಶ ಬಹುಮಟ್ಟಿಗೆ ನಿಷ್ಪ್ರಯೋಜಕವಾಗಿತ್ತು. ಉದ್ದನೆಯ ಉಸಿರಿನ ಜಾಗದಲ್ಲಿ ಚಿಕ್ಕ ಚಿಕ್ಕ ತುಣುಕುಗಳು ಬಂದವು. ಮಿಂಚಿನ ಹಾಗೆ ಎದ್ದು ತಟ್ಟನೆ ನಿಲ್ಲುವ ತಾನು, ಅದರ ಬೆನ್ನಿಗೆ ತುಂಬಿದ ಮೌನ, ಆಮೇಲೆ ಪಿಸುಮಾತಿನಂಥ ಒಂದು ಸ್ವರ, ಇದ್ದಕ್ಕಿದ್ದಂತೆ ಮೇಲಿನ ಷಡ್ಜದಲ್ಲಿ ತೆರೆದ ಗಂಟಲಿನ ಕೂಗು. ಹಿಂದೆ ಎರಡು ತಂಬೂರಿ, ಕೂದಲೆಳೆಯಷ್ಟೂ ತಪ್ಪದ ಶ್ರುತಿ. ತಂಬೂರಿ ಹೂಡುವುದನ್ನು ಅವರು ಪೂಜೆಯಂತೆ ಮಾಡುತ್ತಿದ್ದರು.

ಉಸಿರು ಕಡಿಮೆಯಾಯಿತು, ಆದ್ದರಿಂದ ಶೈಲಿ ಹೀಗಾಯಿತು ಎಂದು ಹೇಳುವುದು ಸುಲಭ. ಅದರಲ್ಲಿ ನಿಜವಿಲ್ಲದಿಲ್ಲ. ಆದರೆ ಉಸಿರು ಕಳೆದುಕೊಂಡವರೆಲ್ಲರೂ ಕುಮಾರ ಗಂಧರ್ವರಾಗಲಿಲ್ಲ. ಹೊಸ ಉಸಿರಿಗೆ ಹಳೆಯ ಹಾಡನ್ನು ಹೇಗೋ ಹೊಂದಿಸಿಕೊಂಡು ಕಾಲ ನೂಕಬಹುದಿತ್ತು. ಅವರು ತನ್ನಲ್ಲಿ ಉಳಿದದ್ದು ಎಷ್ಟೆಂದು ಅಳೆದು, ಅಷ್ಟರಲ್ಲೇ ಹೇಳಬಹುದಾದದ್ದನ್ನು ಹುಡುಕಿದರು. ಹೇಳಲು ಏನಾದರೂ ಇದ್ದವನಿಗೆ ಕೊರತೆ ದಾರಿ ತೋರಿಸುತ್ತದೆ. ಏನೂ ಇಲ್ಲದವನಿಗೆ ಅದು ಬರಿಯ ಕೊರತೆ.

ಮೆಚ್ಚಿದವರು ಎಷ್ಟಿದ್ದರೋ ಬೈದವರೂ ಅಷ್ಟೇ ಇದ್ದರು. ರಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸುವುದಿಲ್ಲ, ವಿಲಂಬಿತಕ್ಕೆ ನ್ಯಾಯ ಸಲ್ಲಿಸುವುದಿಲ್ಲ, ಯಾವ ಘರಾಣೆಯೆಂದು ಹೇಳಲಾಗುವುದಿಲ್ಲ ಎಂಬ ಟೀಕೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಅವರೂ ತನ್ನ ದಾರಿ ಬಿಡಲಿಲ್ಲ. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು. 1992ರ ಜನವರಿ 12ರಂದು ದೇವಾಸದಲ್ಲೇ ತೀರಿಕೊಂಡರು.

ಮತ್ತೆ ಬಾಲಗಂಧರ್ವ

ಅವರ ಬದುಕಿನ ಒಂದು ಘಟನೆಯನ್ನು ಕಲಿಯುವವರು ವಿಶೇಷವಾಗಿ ಗಮನಿಸಬೇಕು. ಮರಾಠಿ ರಂಗಭೂಮಿಯ ದೊರೆ ಬಾಲಗಂಧರ್ವರ ನಾಟ್ಯಗೀತೆಗಳೆಂದರೆ ಈ ಗಡಿಸೀಮೆಯಲ್ಲಿ ಕನ್ನಡಿಗರಿಗೂ ಪ್ರಾಣ. ಪ್ರೌಢರಾದ ಮೇಲೆ ಕುಮಾರರು ಆ ಹಾಡುಗಳದ್ದೇ ಒಂದು ಕಾರ್ಯಕ್ರಮ ಕಟ್ಟಿದರು. ಅದಕ್ಕೆ ಕೊಟ್ಟ ಮರಾಠಿ ಹೆಸರಿನ ಅರ್ಥ ‘ನನಗೆ ತಿಳಿದ ಬಾಲಗಂಧರ್ವ’. ಆ ಹೆಸರಿನಲ್ಲೇ ಎಲ್ಲವೂ ಇದೆ. ಚಿಕ್ಕಂದಿನಲ್ಲಿ ಎಂಥವರನ್ನೂ ಅಕ್ಷರಶಃ ಎತ್ತಿಕೊಳ್ಳಬಲ್ಲ ಕಂಠ ಅದು. ಈಗಲೂ ನಕಲು ಮಾಡಿದ್ದರೆ ಚಪ್ಪಾಳೆಗೆ ಬರವಿರಲಿಲ್ಲ. ಅವರು ಹಿರಿಯರ ದನಿಯನ್ನು ಬಿಟ್ಟು, ಆ ದನಿಯ ಹಿಂದಿನ ವಿಚಾರವನ್ನು ತೆಗೆದುಕೊಂಡು, ತನ್ನ ಕಂಠದಲ್ಲಿ ಹಾಡಿದರು. ‘ಹಾಗೆಯೇ ಹಾಡುವುದ’ಕ್ಕೂ ‘ತಿಳಿದು ಹಾಡುವುದ’ಕ್ಕೂ ನಡುವೆ ಮೂವತ್ತು ವರ್ಷಗಳ ದಾರಿಯಿತ್ತು.

ಅವರೊಬ್ಬರೇ ಅಲ್ಲ

ನಮ್ಮ ಉತ್ತರ ಕರ್ನಾಟಕದ ಇತರರನ್ನು ನೋಡಿದರೂ ಇದೇ ಕಾಣುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಮೊದಲು ಮಿರಜದ ನೀಲಕಂಠಬುವಾರಲ್ಲಿ ಗ್ವಾಲಿಯರ್ ಗಾಯಕಿ ಕಲಿತರು. ಆಮೇಲೆ ಮಂಜಿಖಾನ, ಭುರ್ಜಿಖಾನರಲ್ಲಿ ಜೈಪುರ-ಅತ್ರೌಳಿ. ಎರಡನ್ನೂ ಅರಗಿಸಿಕೊಂಡ ಮೇಲೆ ಉಳಿದದ್ದು ಮನ್ಸೂರರ ಹಾಡು. ಗಂಗೂಬಾಯಿ ಹಾನಗಲ್ಲರ ತೆಳುವಾದ ದನಿ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಂತೆ ದಪ್ಪವಾಯಿತು. ಅವರು ಅದನ್ನು ಮರೆಮಾಚಲು ಹೋಗಲಿಲ್ಲ. ಆ ಗಂಭೀರ ಕಂಠವೇ ಅವರ ಗುರುತಾಯಿತು. ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟರು. ಊರೂರು ಅಲೆದು ಕಡೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಗುರುವನ್ನು ಕಂಡರು.

ಬಣ್ಣದ ಲೋಕದಲ್ಲಿಯೂ ಇದೇ ಮಾತು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ಪದ್ಧತಿಯ ಚಿತ್ರಣವನ್ನು ಚೆನ್ನಾಗಿ ಕಲಿತರು. ಕಲಿತದ್ದು ಕೈಗೆ ಬಂತು, ಮನಸ್ಸಿಗೆ ಒಪ್ಪಲಿಲ್ಲ. ಜೈನ ಹಸ್ತಪ್ರತಿಗಳ ಚಿತ್ರ, ರಜಪೂತ ಕಿರುಚಿತ್ರ, ಅಜಂತೆಯ ಭಿತ್ತಿಗಳನ್ನು ನೋಡಿದರು. ಪ್ಯಾರಿಸ್ಸಿಗೂ ಹೋಗಿ ಕಲಿತು ಬಂದರು. ರೇಖೆಗೆ ಲಯ ಬರಲೆಂದು ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು! ‘ಹಾಡುವ ರೇಖೆ’ ಎಂದು ಹೆಸರಾದ ಅವರ ಗೆರೆಗಳ ಹಿಂದೆ ಕುಣಿದ ಕಾಲುಗಳ ದಣಿವಿದೆ.

ಇವರಲ್ಲಿ ಯಾರೂ ‘ನನ್ನದೊಂದು ಶೈಲಿ ಮಾಡುತ್ತೇನೆ’ ಎಂದು ಕುಳಿತವರಲ್ಲ. ಮೊದಲು ಇನ್ನೊಬ್ಬರದನ್ನು ಪೂರ್ತಿ ಕಲಿತರು. ಕಲಿತದ್ದರಲ್ಲಿ ತನಗೆ ಒಗ್ಗದ್ದು ಯಾವುದೆಂದು ಪ್ರಾಮಾಣಿಕವಾಗಿ ಗುರುತಿಸಿದರು. ತನ್ನ ಕಲೆಯಿಂದ ಹೊರಗಿನ ಯಾವುದೋ ಒಂದಕ್ಕೆ ಕಿವಿಗೊಟ್ಟರು. ಕಾದರು.

ತಾಯಿತಂದೆಯರಿಗೆ

ಈಗ ಗ್ರಾಮೋಫೋನ್ ತಟ್ಟೆಯ ಜಾಗದಲ್ಲಿ ಮೊಬೈಲ್ ಇದೆ. ಮಗು ಯಾರ ಹಾಡನ್ನಾದರೂ ಎಷ್ಟು ಸಲ ಬೇಕಾದರೂ ಕೇಳಬಹುದು, ಯಾವ ಚಿತ್ರವನ್ನಾದರೂ ನೋಡಿ ಬರೆಯಬಹುದು. ಟೀವಿಯ ಸ್ಪರ್ಧೆಗಳಲ್ಲಿ ‘ಥೇಟ್ ಹಾಗೆಯೇ’ ಹಾಡಿದವರಿಗೆ ಬಹುಮಾನವೂ ಉಂಟು. ಇದಕ್ಕೆ ಹೆದರಬೇಕಿಲ್ಲ. ಮಾತು ಕಲಿಯುವ ಕೂಸು ಅವ್ವನ ಮಾತನ್ನೇ ಅನ್ನುತ್ತದೆ. ಅನುಕರಣೆಯಿಲ್ಲದ ಕಲಿಕೆ ಎಲ್ಲಿಯೂ ಇಲ್ಲ. ನಕಲು ಮಾಡುವ ಮಗುವನ್ನು ಬೈದು ಸ್ವಂತಿಕೆ ತರಿಸಲಾಗುವುದಿಲ್ಲ.

ಆದರೆ ನಕಲಿಗೆ ಬಂದ ಚಪ್ಪಾಳೆಯನ್ನೇ ಕೊನೆಯ ಫಲವೆಂದು ತಿಳಿಯುವುದು ಅಪಾಯ. ವೇದಿಕೆಯಿಂದ ವೇದಿಕೆಗೆ ಓಡಾಡುವ ಮಗುವಿಗೆ ಕುಳಿತು ಕಲಿಯಲು ಸಮಯ ಸಿಗದು. ದೇಶವೇ ಕೊಂಡಾಡಿದ ಹನ್ನೊಂದರ ಹುಡುಗನನ್ನು ಶಾಲೆಗೆ ಸೇರಿಸಿ ಮತ್ತೆ ಮೊದಲಿನಿಂದ ಕಲಿಸಿದ್ದು ಅವನ ಬದುಕಿನ ತಿರುವಾಯಿತೆಂಬುದನ್ನು ನೆನಪಿಡಬೇಕು. ‘ಯಾರ ಹಾಗೆ ಹಾಡಿದೆ?’ ಎಂಬ ಪ್ರಶ್ನೆಯ ಜೊತೆಗೆ ‘ಅವರು ಅಲ್ಲಿ ಯಾಕೆ ನಿಂತರು?’ ಎಂದು ಒಮ್ಮೆ ಕೇಳಿದರೂ ಸಾಕು, ಮಗುವಿನ ಕಿವಿ ಬೇರೆಯಾಗುತ್ತದೆ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ತನ್ನ ಸುತ್ತಲಿನದನ್ನು ಕೇಳಿಸಿಕೊಳ್ಳಲು ಕುಮಾರ ಗಂಧರ್ವರು ಐದು ವರ್ಷ ಹಾಸಿಗೆ ಹಿಡಿಯಬೇಕಾಯಿತು. ಜುಗೂಳದಂಥ ಊರಿನ ಹುಡುಗ ಹುಡುಗಿಯರಿಗೆ ಆ ಬೆಲೆ ತೆರುವ ಕಾರಣವಿಲ್ಲ. ಸೋಬಾನೆಯ ಪದ, ಬೀಸುವ ಕಲ್ಲಿನ ಪದ, ಭಜನೆಯ ಮೇಳ, ಆಚೆ ದಂಡೆಯ ಅಭಂಗ, ಎಲ್ಲವೂ ಈ ಸೀಮೆಯ ಗಾಳಿಯಲ್ಲೇ ಇವೆ. ಖಿದ್ರಾಪುರದ ಕಲ್ಲು ಹೊಳೆಯಾಚೆಗೇ ಇದೆ. ಪೆನ್ಸಿಲು ಹಿಡಿದು ಕುಳಿತರೆ ಬೇಡವೆನ್ನುವವರಿಲ್ಲ.

ಮಿರಜದಲ್ಲಿ ಮಾಡಿದ ತಂಬೂರಿ ತಾನಾಗಿ ಯಾವ ರಾಗವನ್ನೂ ಹಾಡುವುದಿಲ್ಲ. ಕುಳಿತವನು ಯಾವ ಶ್ರುತಿಗೆ ಹೂಡಿಕೊಂಡರೆ ಆ ಶ್ರುತಿಯನ್ನು ಹಿಡಿದು ನಿಲ್ಲುತ್ತದೆ. ಒಬ್ಬರ ಶ್ರುತಿ ಇನ್ನೊಬ್ಬರಿಗೆ ಒಗ್ಗುವುದಿಲ್ಲವೆಂದು ಪ್ರತಿಸಲವೂ ತಂತಿ ತಿರುವಬೇಕು, ಕಿವಿಗೊಡಬೇಕು, ಮತ್ತೆ ತಿರುವಬೇಕು. ಹಾಡು ಶುರುವಾಗುವುದು ಆಮೇಲೆ.